ಹಳೇ ಕ್ರೋಮೈಟ್ ತೊಳೆಯೋ ಘಟಕದ ಜಾಗ: 2,800 ಪಿಪಿಎಂ ಬಂದರೆ ಮಾಲಿನ್ಯವೇ?

ತೆಂಗಿನತೋಪು:
ಚನ್ನರಾಯಪಟ್ಟಣ ತಾಲ್ಲೂಕು, ನುಗ್ಗೇಹಳ್ಳಿ ಕಡೆಯ ಜಾಗ. ಅದಿರು ಪುಡಿಮಾಡಿ ನೀರಲ್ಲಿ ತೊಳೆದು ಕ್ರೋಮೈಟ್ (ಕ್ರೋಮಿಯಂ ಇರುವ ಖನಿಜ) ಬೇರ್ಪಡಿಸುತ್ತಿದ್ದ ಘಟಕ, ಮುಚ್ಚಿ ಬಹಳ ಕಾಲವಾಗಿದೆ. ಸುಮಾರು ನಾಲ್ಕು ಎಕರೆ. ಷೆಡ್ಡಿನ ತಳಪಾಯ, ಎರಡು ರಾಡಿಗುಂಡಿ, ಒಂದು ಗುಡ್ಡೆ ಉಳಿದಿವೆ. ಇಳಿಜಾರಿನ ಕೆಳಗೆ ಕೆರೆ, 300 ಮೀಟರ್ ದೂರದಲ್ಲಿ ಕುಡಿಯುವ ನೀರಿನ ಬೋರ್‌ವೆಲ್. ಕೈಯಲ್ಲಿ ಹಿಡಿದು ಎಕ್ಸ್-ಕಿರಣದಿಂದ ಲೋಹ ಅಳೆಯುವ ಉಪಕರಣ ಎಕ್ಸ್‌ಆರ್‌ಎಫ್ ಮೇಲ್ಮಣ್ಣಿನಲ್ಲಿ ಒಟ್ಟು ಕ್ರೋಮಿಯಂ 2,800 ಪಿಪಿಎಂ (ಕೆಜಿ ಮಣ್ಣಿಗೆ 2,800 ಮಿ.ಗ್ರಾಂ) ತೋರಿಸಿದೆ. ಕೆನಡಾದ ಕೃಷಿಭೂಮಿ ಮಿತಿ 64. ಇಷ್ಟಕ್ಕೇ ಕಲುಷಿತ ಅಂತ ಬರೆಯಬಹುದಾ? ಲ್ಯಾಬ್ ದುಡ್ಡು 25 ಮಾದರಿಗೆ ಸಾಕು, ಅಷ್ಟೇ.

ಕಲ್ಲುಮಣ್ಣು:
ಬರೆಯಬೇಡಿ. ನುಗ್ಗೇಹಳ್ಳಿಯ ಆ ಕಲ್ಲಿನ ಪಟ್ಟೆಯಲ್ಲಿ ಬುಡದ ಕಲ್ಲೇ ಸರ್ಪೆಂಟಿನೈಟ್, ಕ್ರೋಮಿಯಂ, ನಿಕ್ಕಲ್ ಸಹಜವಾಗೇ ಜಾಸ್ತಿ ಇರುವ ಕಲ್ಲು. ಗಣಿ ಇಲ್ಲದ ಹೊಲದಲ್ಲೂ ಕ್ರೋಮಿಯಂ, ನಿಕ್ಕಲ್ ಸಾವಿರದ ಲೆಕ್ಕಕ್ಕೆ ಹೋಗಬಹುದು. 64ಕ್ಕೆ ಹೋಲಿಸಿದರೆ ಇಡೀ ಹೋಬಳಿಯೇ ಕಲುಷಿತ ಅನ್ನಬೇಕಾಗುತ್ತೆ.

25ರಲ್ಲಿ ಎಂಟನ್ನು ಹಿನ್ನೆಲೆ ಮಟ್ಟಕ್ಕೆ (ಘಟಕದ ಕೈವಾಡವಿಲ್ಲದ ಸಹಜ ಮಟ್ಟ) ಇಡಿ. ಅದೇ ಕಲ್ಲಿನ ಮೇಲಿನ ಮಣ್ಣು, ಘಟಕಕ್ಕಿಂತ ಎತ್ತರದಲ್ಲಿ, ರಸ್ತೆಯಿಂದ ದೂರ (ಗಣಿಯ ಕಲ್ಲುಪುಡಿಯನ್ನೇ ರಸ್ತೆಗೆ ಸುರಿದಿರುತ್ತಾರೆ). ಪಕ್ಕದ ನೈಸ್ (gneiss, ಬೇರೆ ಜಾತಿಯ) ಕಲ್ಲಿನ ಕೆಂಪು ಮಣ್ಣನ್ನು ಹಿನ್ನೆಲೆ ಅಂತ ತಂದರೆ ವರದಿ ಅಲ್ಲೇ ಬಿತ್ತು.

ಆಮೇಲೆ ಕ್ರೋಮಿಯಂ-ನಿಕ್ಕಲ್ ಅನುಪಾತ ನೋಡಿ. ಸಹಜ ಮಣ್ಣಲ್ಲಿ ಎರಡೂ ಸಾಮಾನ್ಯವಾಗಿ ಒಟ್ಟಿಗೆ ಏರುತ್ತವೆ. ನಿಕ್ಕಲ್ ಅಷ್ಟೇ ಇದ್ದು ಕ್ರೋಮಿಯಂ ಮಾತ್ರ ಜಿಗಿದಿದ್ದರೆ ಅಲ್ಲಿ ಸಾಂದ್ರೀಕರಿಸಿದ ಅದಿರು ಚೆಲ್ಲಿರಬಹುದು. ತೊಳೆದು ಬಿಟ್ಟ ರಾಡಿಯಲ್ಲಿ ಸಾಮಾನ್ಯವಾಗಿ ತದ್ವಿರುದ್ಧ: ಕ್ರೋಮಿಯಂ ಕಡಿಮೆಯಾಗಿ ನಿಕ್ಕಲ್ ಉಳಿದಿರುತ್ತೆ.

ಎಕ್ಸ್‌ಆರ್‌ಎಫ್ ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ. ಅಲ್ಲಿ ವೆನೇಡಿಯಂ ಇರುವ ಮ್ಯಾಗ್ನೆಟೈಟ್ ಕೂಡ ಇದೆ. ವೆನೇಡಿಯಂನ ಕೆ-ಬೀಟಾ ಗೆರೆ (ಉಪಕರಣ ಓದುವ ಎಕ್ಸ್-ಕಿರಣದ ಶಕ್ತಿ) 5.43, ಕ್ರೋಮಿಯಂನ ಕೆ-ಆಲ್ಫಾ 5.41 ಕೆಇವಿ. ಒಂದರ ಮೇಲೊಂದು ಕೂರುತ್ತವೆ, ವೆನೇಡಿಯಂ ಕ್ರೋಮಿಯಂನಂತೆ ಕಾಣಬಹುದು. ಮಣ್ಣು ಒಣಗಿಸಿ, ಜರಡಿ ಹಿಡಿದು ಅಳೆಯಿರಿ, ಕೆಲವನ್ನು ಲ್ಯಾಬ್‌ನಲ್ಲಿ ತಾಳೆ ನೋಡಿ. ಸರ್ಪೆಂಟಿನೈಟ್‌ನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಎಳೆ ಇರಬಹುದು, ಹಾಗಾಗಿ ಬಯಲಲ್ಲಿ ಒಣ ಜರಡಿ ಹಿಡಿಯಬೇಡಿ. ಅಗೆಯುವಾಗ ನೀರು ಚಿಮುಕಿಸಿ, ಪಿ3 (ಸೂಕ್ಷ್ಮ ಧೂಳು ತಡೆಯುವ) ಮಾಸ್ಕ್ ಹಾಕಿ.

ನೀರುಲೆಕ್ಕ:
ಕಲ್ಲಲ್ಲಿರುವ ಕ್ರೋಮಿಯಂ ಮೂರನೇ ವೇಲೆನ್ಸಿಯದು (ಕ್ರೋಮಿಯಂನ ಒಂದು ರಾಸಾಯನಿಕ ರೂಪ), ಅಲುಗಾಡಲ್ಲ. ಹೆದರಬೇಕಾದ್ದು ಆರನೆಯ ರೂಪಕ್ಕೆ, ಅದು ವಿಷ. ಮಣ್ಣಿನ ಮ್ಯಾಂಗನೀಸ್ ಆಕ್ಸೈಡುಗಳು ಮೂರನ್ನು ಆರಕ್ಕೆ ಏರಿಸಬಲ್ಲವು, ಅದು ನೀರಲ್ಲಿ ಕರಗಿ ಓಡುತ್ತೆ. ಅದಕ್ಕೇ ಮೊದಲು ಬೋರ್‌ವೆಲ್.

ಆರೂವರೆ ಇಂಚಿನ ಬೋರ್‌ನಲ್ಲಿ ಒಂದು ಮೀಟರಿಗೆ ಸುಮಾರು 21 ಲೀಟರ್ ನೀರು. ನೀರಿನ ಕಂಬ 40 ಮೀಟರ್ ಇದ್ದರೆ 850 ಲೀಟರ್; ಮೂರು ಪಟ್ಟು ಹೊರಹಾಕಬೇಕು. ನಿಮಿಷಕ್ಕೆ 60 ಲೀಟರ್ ಎತ್ತುವ ಪಂಪಾದರೆ ಮುಕ್ಕಾಲು ಗಂಟೆ. ಮೊದಲು ಬರುವುದು ಕಬ್ಬಿಣದ ಕೇಸಿಂಗ್‌ನಲ್ಲಿ ನಿಂತ ನೀರು. ಕಬ್ಬಿಣ ಆರನ್ನು ಮೂರಕ್ಕೆ ಇಳಿಸಿ ಸುಳ್ಳು ನೆಮ್ಮದಿ ಕೊಡುತ್ತೆ.

ಎರಡು ಬಾಟಲಿ: ಒಟ್ಟು ಲೋಹಕ್ಕೆ ಫಿಲ್ಟರ್ ಮಾಡದ ನೀರಿಗೆ ನೈಟ್ರಿಕ್ ಆಮ್ಲ, ಪಿಎಚ್ 2ಕ್ಕಿಂತ ಕೆಳಗೆ. ಆರನೇ ಕ್ರೋಮಿಯಂಗೆ 0.45 ಮೈಕ್ರಾನ್ ಫಿಲ್ಟರ್ ಅಲ್ಲೇ ಹಾಕಿ; ಆಮ್ಲ ಸೋಕಲೇಬಾರದು, ಅದು ಆರನ್ನು ಮೂರಕ್ಕೆ ಇಳಿಸಿಬಿಡಬಹುದು. ಐಸಿನಲ್ಲಿಟ್ಟು 24 ಗಂಟೆಯೊಳಗೆ ಪರೀಕ್ಷೆ. ತಪ್ಪು ಆಗುವುದೇ ಇಲ್ಲಿ. ಒಂದೇ ಆಮ್ಲದ ಬಾಟಲಿ ಕೊಟ್ಟು ‘ಪತ್ತೆಯಾಗಿಲ್ಲ’ ಅಂತ ಬರೆಸಿಕೊಂಡು ಬರುತ್ತಾರೆ. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಒಟ್ಟು ಕ್ರೋಮಿಯಂ ಮಿತಿ ಲೀಟರಿಗೆ 0.05 ಮಿ.ಗ್ರಾಂ, ನಿಕ್ಕಲ್ 0.02. ಲ್ಯಾಬ್‌ನ ಪತ್ತೆಮಿತಿಯೇ 0.05 ಆಗಿದ್ದರೆ ಆ ರಿಪೋರ್ಟು ಕಸ. 0.005 ಕೇಳಿ.

ತೆಂಗಿನತೋಪು:
ಮಣ್ಣಲ್ಲಿ ಆರನೆಯದನ್ನು ಎಲ್ಲೆಲ್ಲಿ ನೋಡಲಿ? ಎಲ್ಲಾ ಕಡೆ ಸಮ ಚೌಕ ಹಾಕಿದರೆ ದುಡ್ಡು ಸಾಲದು.

ಕಲ್ಲುಮಣ್ಣು:
ಘಟಕದ ಪ್ರಯೋಗಾಲಯ ಎಲ್ಲಿತ್ತು ಅಂತ ಹಳಬರನ್ನು ಕೇಳಿ. ಕ್ರೋಮೈಟ್ ಆಮ್ಲಕ್ಕೆ ಬಗ್ಗುವುದಿಲ್ಲ. ಶೇಕಡಾವಾರು ಅಳೆಯಲು ಸೋಡಿಯಂ ಪೆರಾಕ್ಸೈಡ್ ಜೊತೆ ಕಾಯಿಸಿ ಕರಗಿಸುತ್ತಾರೆ. ಆಗ ಹುಟ್ಟುವುದೇ ಕ್ರೋಮೇಟ್, ಅಂದರೆ ಆರನೇ ಕ್ರೋಮಿಯಂ. ನಾಲ್ಕು ಎಕರೆಯಲ್ಲಿ ಅದಿರನ್ನು ನೀರಲ್ಲಿ ತೊಳೆದ ಕಡೆ ಏನೂ ಸಿಗದೆ, ಲ್ಯಾಬಿನ ಸಿಂಕು ಹರಿದ ಗುಂಡಿಯಲ್ಲಿ ಸಿಗಬಹುದು. ಅಲ್ಲಿಗೆ ಒಟ್ಟು ಐದು ಮಾದರಿ, 0–15, 50, 100 ಸೆಂ.ಮೀ. ಆಳದಲ್ಲಿ. ರಾಡಿಗುಂಡಿಗಳಿಗೆ ನಾಲ್ಕು. ಟ್ರಾನ್ಸ್‌ಫಾರ್ಮರ್, ಡೀಸೆಲ್ ಇಟ್ಟಿದ್ದ ಜಾಗಕ್ಕೆ ಎರಡು. ಅಲ್ಲಿ ನೋಡಬೇಕಾದ್ದು ಎಣ್ಣೆ ಮತ್ತು ಪಿಸಿಬಿ (ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿರಬಹುದಾದ ವಿಷ ರಾಸಾಯನಿಕ), ಲೋಹ ಅಲ್ಲ.

ಸ್ಟೀಲ್ ಕರಣೆ ಬೇಡ, ಪ್ಲಾಸ್ಟಿಕ್ ಬಳಸಿ. ಆರನೆಯದಕ್ಕೆ ಹೋಗುವ ಮಣ್ಣನ್ನು ಒಲೆಯಲ್ಲಿ ಒಣಗಿಸಬಾರದು, ಹಸಿಯಾಗೇ 4 ಡಿಗ್ರಿಯಲ್ಲಿಡಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎಯ 3060ಎ ಕ್ಷಾರ ವಿಧಾನ ಕೇಳಿ. ತಾಳೆ ನೋಡಲು ಲ್ಯಾಬ್ ಮಾದರಿಗೆ ಸೇರಿಸಿದ ಕ್ರೋಮೇಟ್ ಶೇ. 75ಕ್ಕಿಂತ ಕಡಿಮೆ ವಾಪಸ್ ಬಂದರೆ ಲ್ಯಾಬನ್ನು ಬೈಯುವ ಮುಂಚೆ ಆ ಮಣ್ಣಿನ ಪಿಎಚ್, ರೆಡಾಕ್ಸ್ (ಆರನ್ನು ಮೂರಕ್ಕೆ ಇಳಿಸುವ ಗುಣ ಮಣ್ಣಿಗೆ ಇದೆಯೇ ಅಂತ ಹೇಳುವ ಅಳತೆ) ನೋಡಿ. ಸಾವಯವ ಅಂಶ ಜಾಸ್ತಿ ಇರುವ ಮಣ್ಣು ಕ್ರೋಮೇಟನ್ನು ತಾನೇ ಇಳಿಸಿರುತ್ತೆ.

ನೀರುಲೆಕ್ಕ:
ಉಳಿದವು ಕೆರೆಗೆ. ಬೇಸಿಗೆಯಲ್ಲಿ ತಳ ಕಂಡಾಗ ಒಂದೂವರೆ ಮೀಟರ್ ಪಿವಿಸಿ ಪೈಪ್ ಹೊಡೆದು ಎತ್ತಿ, 10 ಸೆಂ.ಮೀ. ತುಂಡು ಮಾಡಿ ಎಕ್ಸ್‌ಆರ್‌ಎಫ್ ಹಿಡಿಯಿರಿ. ಏರಿದ ಪದರ ಮಾತ್ರ ಲ್ಯಾಬಿಗೆ. ಫಲಿತಾಂಶ ಬರುವವರೆಗೆ ಆ ಕೆರೆಗೋಡನ್ನು ಯಾರೂ ಹೊಲಕ್ಕೆ ಹೊಡೆಯದಂತೆ ಪಂಚಾಯಿತಿಗೆ ಹೇಳಿ.