ಸಿಲೆಬಸ್‌ಗೆ ಸಂಬಂಧವೇ ಇಲ್ಲದ ಪ್ರಶ್ನೆ ಹಿಡಿದು ಕಾಲೇಜ್ ಲೈಬ್ರರಿಗೆ ಹೋಗಬಹುದಾ?

ನೀರಹನಿ

ಎಲ್ಲರಿಗೂ ನಮಸ್ಕಾರ. ನಾನು ಕಾಮರ್ಸ್ ವಿದ್ಯಾರ್ಥಿನಿ, ಎರಡನೇ ವರ್ಷ. ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತುಬಿಟ್ಟಿದೆ. ಬಟ್ಟೆ ಒಗೆಯುತ್ತಾ ಜಾಸ್ತಿ ಹೊತ್ತು ನೀರಲ್ಲಿ ಕೈ ಇಟ್ಟರೆ ಬೆರಳಿನ ತುದಿ ಸುಕ್ಕುಗಟ್ಟುತ್ತದೆ. ತೋಳೂ ಒದ್ದೆಯಾಗಿರುತ್ತದೆ, ಆದರೆ ಅದಕ್ಕೇನೂ ಆಗುವುದಿಲ್ಲ. ಯಾಕೆ?

ನೆಟ್ಟಲ್ಲಿ ಹುಡುಕಿದೆ. ಒಂದು ಕಡೆ ಚರ್ಮ ನೀರು ಹೀರಿ ಉಬ್ಬುತ್ತದೆ ಅಂತಿದೆ. ಇನ್ನೊಂದು ಕಡೆ ನರದಿಂದ ಆಗುತ್ತದೆ ಅಂತಿದೆ. ಮತ್ತೊಂದು ಕಡೆ ಒದ್ದೆ ವಸ್ತು ಜಾರದೆ ಇರಲಿ ಅಂತ ಹಾಗಾಗುತ್ತದೆ ಅಂತಿದೆ. ಇದನ್ನು ಹೇಳಿದವರು ಯಾರು, ಪರೀಕ್ಷೆ ಮಾಡಿ ನೋಡಿದವರು ಯಾರು ಅಂತ ಯಾರೂ ಬರೆದಿಲ್ಲ.

ನಮ್ಮ ಕಾಲೇಜಿನ ಲೈಬ್ರರಿ ದೊಡ್ಡದು. ಜರ್ನಲ್ ಓದೋಕೆ ಲಾಗಿನ್ ಕೂಡ ಕೊಟ್ಟಿದ್ದಾರೆ. ನಾನು ಇಲ್ಲಿಯವರೆಗೆ ಅಲ್ಲಿಂದ ಪಠ್ಯಪುಸ್ತಕ ಬಿಟ್ಟು ಬೇರೆ ಏನೂ ತಂದಿಲ್ಲ. ಇಂಥ ಪ್ರಶ್ನೆಗೆ ಅದನ್ನೆಲ್ಲ ಬಳಸಬಹುದಾ? ವಿಜ್ಞಾನ ಓದಿಲ್ಲದವಳು ಎಲ್ಲಿಂದ ಶುರು ಮಾಡಬೇಕು?

ರೆಫರೆನ್ಸ್ ಕೌಂಟರ್

ಖಂಡಿತ ಬಳಸಬಹುದು. ನಾನು ಒಂದು ಕಾಲೇಜ್ ಲೈಬ್ರರಿಯ ರೆಫರೆನ್ಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಂಥ ಪ್ರಶ್ನೆ ಹಿಡಿದು ಯಾರಾದರೂ ಬಂದರೆ ನನಗೆ ಆ ದಿನವೆಲ್ಲ ಖುಷಿ. ಭಾರತದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯದ ಐದು ಸೂತ್ರಗಳನ್ನು ಬರೆದರು. ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಕಾಮರ್ಸ್‌ನವರಿಗೆ ಕಾಮರ್ಸ್ ಪುಸ್ತಕ ಮಾತ್ರ ಅಂತ ಅವರು ಬರೆದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ನೇರವಾಗಿ ಜರ್ನಲ್‌ಗೆ ಹೋಗಬೇಡಿ. ಮೊದಲು ಕಪಾಟಿಗೆ ಹೋಗಿ. ನಿಮ್ಮ ಲೈಬ್ರರಿಯಲ್ಲಿ ಡ್ಯೂಯಿ ದಶಮಾಂಶ ಪದ್ಧತಿ (ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಕ್ರಮ) ಇದ್ದರೆ, ಮನುಷ್ಯನ ದೇಹ ಹೇಗೆ ಕೆಲಸ ಮಾಡುತ್ತದೆ ಅನ್ನುವ ಪುಸ್ತಕಗಳು 612ರಲ್ಲಿ ಇರುತ್ತವೆ. ಅಲ್ಲಿ ಒಂದು ದಪ್ಪ ಫಿಸಿಯಾಲಜಿ ಪುಸ್ತಕ ತೆಗೆದು ಹಿಂದಿನ ಇಂಡೆಕ್ಸ್ ನೋಡಿ. ಚರ್ಮ, ಬೆವರು ಗ್ರಂಥಿ, ರಕ್ತನಾಳ, ಸಿಂಪಥೆಟಿಕ್ ನರ (ನಮ್ಮ ಇಚ್ಛೆಯಿಲ್ಲದೆ ತಾನಾಗಿ ಕೆಲಸ ಮಾಡುವ ನರ) ಅನ್ನುವ ಕಡೆ ಹುಡುಕಿ. ಉತ್ತರ ಅಲ್ಲೇ ಸಿಗದೆ ಹೋಗಬಹುದು. ಆದರೆ ಈ ವಿಷಯದವರು ಬಳಸುವ ಪದಗಳು ಸಿಗುತ್ತವೆ. ಡೇಟಾಬೇಸ್‌ನಲ್ಲಿ ಆ ಪದ ಹಾಕಿದರೆ ಮಾತ್ರ ಬಾಗಿಲು ತೆರೆಯುತ್ತದೆ. ನಾವು ಮಾತಾಡುವ ಹಾಗೆ ಟೈಪ್ ಮಾಡಿದರೆ ಬರೀ ಕಸ ಬರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಇದರ ಉತ್ತರ ಶುರುವಾಗುವುದು 612ರಲ್ಲಿ ಅಲ್ಲ, ಪಕ್ಕದ 616, 617ರಲ್ಲಿ. ಅಂದರೆ ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆಯ ಕಪಾಟಿನಲ್ಲಿ! 1936ರಲ್ಲಿ ಲೂಯಿಸ್ ಮತ್ತು ಪಿಕರಿಂಗ್ ಎಂಬ ವೈದ್ಯರು ಒಂದು ವಿಷಯ ಗಮನಿಸಿದರು. ಕೈಯ ಮೀಡಿಯನ್ ನರ ಹಾಳಾದವರಲ್ಲಿ, ಆ ನರ ಹೋಗುವ ಬೆರಳುಗಳು ನೀರಲ್ಲಿಟ್ಟರೂ ಸುಕ್ಕಾಗುತ್ತಿರಲಿಲ್ಲ. ಸುಮ್ನೆ ನೀರು ಹೀರಿ ಉಬ್ಬುವುದಾಗಿದ್ದರೆ ನರ ಇರಲಿ, ಬಿಡಲಿ, ಸುಕ್ಕಾಗಬೇಕಿತ್ತು, ಅಲ್ವಾ? 1973ರಲ್ಲಿ ಓ'ರೈನ್ ಎಂಬ ಶಸ್ತ್ರಚಿಕಿತ್ಸಕರು ಇದನ್ನೇ ಒಂದು ಪರೀಕ್ಷೆಯಾಗಿ ಬಳಸಬಹುದು ಅಂತ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಕೈಯನ್ನು ಬೆಚ್ಚಗಿನ ನೀರಿನಲ್ಲಿ ಇಡುವುದು, ಬೆರಳು ಸುಕ್ಕಾಯಿತಾ ನೋಡುವುದು. ಆಗದಿದ್ದರೆ ನರ ಕೆಲಸ ಮಾಡುತ್ತಿಲ್ಲ ಎಂಬ ಸುಳಿವು. ಮಾತಾಡಿ ಹೇಳಲಾಗದ ಪುಟ್ಟ ಮಕ್ಕಳಿಗೆ ಇದು ಎಷ್ಟು ಉಪಯೋಗ ಯೋಚಿಸಿ.

ಹಾಗಾಗಿ ಕಪಾಟಿನ ಮುಂದೆ ನಿಂತಾಗ ನಿಮಗೆ ಬೇಕಾದ ಪುಸ್ತಕದ ಎಡಬಲವನ್ನೂ ಬಿಡದೆ ನೋಡಿ. ಓಪ್ಯಾಕ್‌ನಲ್ಲಿ, ಅಂದರೆ ಲೈಬ್ರರಿಯ ಕಂಪ್ಯೂಟರ್ ಪುಸ್ತಕಪಟ್ಟಿಯಲ್ಲಿ, ಹುಡುಕಿದರೆ ನೀವು ಕೇಳಿದ್ದು ಮಾತ್ರ ಬರುತ್ತದೆ. ಕಪಾಟು ಹಾಗಲ್ಲ.

ಆಮೇಲೆ ಜರ್ನಲ್. ಮೆಡಿಕಲ್ ವಿಷಯಕ್ಕೆ ಪಬ್‌ಮೆಡ್ (ಸಂಶೋಧನಾ ಪೇಪರ್‌ಗಳನ್ನು ಹುಡುಕುವ ವೆಬ್‌ಸೈಟ್) ಸಾಕು, ಅದು ಎಲ್ಲರಿಗೂ ಉಚಿತ. ಅಲ್ಲಿ "ವಾಟರ್ ಇಮ್ಮರ್ಷನ್ ಸ್ಕಿನ್ ರಿಂಕ್ಲಿಂಗ್" ಅಂತ ಇಂಗ್ಲಿಷಿನಲ್ಲಿ ಹಾಕಿ ನೋಡಿ. ಪೂರ್ತಿ ಪೇಪರ್ ತೆರೆಯದಿದ್ದರೆ ಕಾಲೇಜ್ ಲಾಗಿನ್‌ನಿಂದ ಹೋಗಿ. ಸಿಕ್ಕಿದ ಮೇಲೆ ಎರಡು ದಾರಿ ಇದೆ. ಪೇಪರಿನ ಕೊನೆಯ ರೆಫರೆನ್ಸ್ ಪಟ್ಟಿ ನಿಮ್ಮನ್ನು ಹಿಂದಕ್ಕೆ, ಹಳೆಯ ಪೇಪರ್‌ಗಳಿಗೆ ಕರೆದುಕೊಂಡು ಹೋಗುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಆ ಪೇಪರ್ ಕೆಳಗೆ "ಸೈಟೆಡ್ ಬೈ" ಅಂತ ಇರುತ್ತದೆ. ಅದನ್ನು ಒತ್ತಿದರೆ ಅದಾದ ಮೇಲೆ ಯಾರು ಏನು ಹೇಳಿದರು ಅಂತ ಗೊತ್ತಾಗುತ್ತದೆ. ಎರಡನೇ ದಾರಿಯನ್ನು ಯಾವತ್ತೂ ಬಿಡಬೇಡಿ.

ಬೇರುಕಾಂಡ

ಮೇಲಿನವರು ಹೇಳಿದ್ದು ಸರಿ. ನಾನು ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಪೇಪರ್ ಓದುವ ಬಗ್ಗೆ ಒಂದು ಮಾತು ಸೇರಿಸುತ್ತೇನೆ.

ಮೊದಲ ಸಾಲಿನಿಂದ ಕೊನೆಯವರೆಗೆ ಓದಲು ಹೋಗಬೇಡಿ, ನಾವೂ ಹಾಗೆ ಓದುವುದಿಲ್ಲ. ಅಬ್‌ಸ್ಟ್ರಾಕ್ಟ್, ಅಂದರೆ ಮೊದಲಿಗೆ ಇರುವ ಸಾರಾಂಶ, ಓದಿ. ನಂತರ ಚಿತ್ರ, ಗ್ರಾಫ್ ನೋಡಿ. ಆಮೇಲೆ ಪರೀಕ್ಷೆ ಹೇಗೆ ಮಾಡಿದರು ಅಂತ ಹೇಳುವ ಮೆಥಡ್ಸ್ ಭಾಗಕ್ಕೆ ಬಂದು ಇಷ್ಟು ಕೇಳಿಕೊಳ್ಳಿ: ಎಷ್ಟು ಜನರ ಮೇಲೆ ಮಾಡಿದ್ದಾರೆ? ಅವರ ಕೈಯಲ್ಲಿ ನಿಜವಾಗಿ ಏನು ಮಾಡಿಸಿದರು? ಇದಕ್ಕೆ ವಿಜ್ಞಾನದ ಪದವಿ ಬೇಡ. ಲೆಕ್ಕಪತ್ರ ಓದಿದವರಿಗೆ ಇದು ನಮಗಿಂತ ಚೆನ್ನಾಗಿ ಬರುತ್ತದೆ.

ಹಳೆಯ ಪೇಪರ್ ಅಂದರೆ ಹೆದರಿಕೆಯೂ ಬೇಡ. ಒಣಗಿದ ಮಣ್ಣಿಗೆ ಮಳೆ ಬಿದ್ದಾಗ ಬರುವ ವಾಸನೆಯ ಬಗ್ಗೆ ಬೇರ್ ಮತ್ತು ಥಾಮಸ್ 1964ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದದ್ದು ಕೆಲವೇ ಪುಟ. ಅದನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಮೊದಲು ಓದಲು ಕೊಡುತ್ತೇನೆ. ಮಳೆ ವಾಸನೆ ಗೊತ್ತಿಲ್ಲದವರು ಯಾರೂ ಇಲ್ಲವಲ್ಲ, ಹಾಗಾಗಿ ಆಸೆಯಿಂದ ಓದುತ್ತಾರೆ.

ನೀರಹನಿ

ಲೈಬ್ರರಿಗೆ ಹೋದೆ! ನಮ್ಮ ಲೈಬ್ರೇರಿಯನ್ ಸರ್ ಹತ್ತಿರ ಪ್ರಶ್ನೆ ಹೇಳಿದ್ದೇ ತಡ, ಅವರೇ ಎದ್ದು ಬಂದು ಕಪಾಟು ತೋರಿಸಿದರು. ಸಿಕ್ಕಿದ್ದನ್ನು ಬರೆಯುತ್ತೇನೆ.

ಬೆವರಿನ ರಂಧ್ರಗಳಿಂದ ನೀರು ಒಳಗೆ ಹೋಗುತ್ತದೆ. ಅಲ್ಲಿನ ಉಪ್ಪಿನ ಪ್ರಮಾಣ ಬದಲಾಗುತ್ತದೆ. ಆಗ ನರಗಳು ಬೆರಳಿನ ರಕ್ತನಾಳವನ್ನು ಕಿರಿದು ಮಾಡುತ್ತವೆ. ಒಳಗಿನ ಗಾತ್ರ ಕಡಿಮೆಯಾಗಿ ಮೇಲಿನ ಚರ್ಮ ಒಳಕ್ಕೆ ಎಳೆದುಕೊಳ್ಳುತ್ತದೆ. ರಕ್ತನಾಳದ ಈ ಮಾತನ್ನು 2003ರಲ್ಲಿ ವೈಲ್ಡರ್-ಸ್ಮಿತ್ ಮತ್ತು ಚೌ ಬರೆದಿದ್ದಾರೆ. ಅಂದರೆ ಬೆರಳು ಉಬ್ಬುವುದಲ್ಲ, ಕುಗ್ಗುವುದು. ಬೆವರಿನ ರಂಧ್ರ ಬೆರಳ ತುದಿಯಲ್ಲಿ ತುಂಬಾ ಒತ್ತಾಗಿ ಇರುತ್ತವಂತೆ. ತೋಳಿನ ಪ್ರಶ್ನೆಗೂ ಅಲ್ಲೇ ದಾರಿ ಸಿಕ್ಕಿತು.

ಆದರೆ ಇದರಿಂದ ಉಪಯೋಗ ಏನು ಅನ್ನುವ ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. 2013ರಲ್ಲಿ ಬಯಾಲಜಿ ಲೆಟರ್ಸ್ ಜರ್ನಲ್‌ನಲ್ಲಿ ಒಂದು ಪೇಪರ್ ಇದೆ. ಗೋಲಿ, ಗಾಳದ ಸೀಸದ ಗುಂಡು ಇಂಥವನ್ನು ನೀರಿನ ಪಾತ್ರೆಯಿಂದ ಎತ್ತಿ ಇನ್ನೊಂದು ಕಡೆ ಹಾಕಲು ಜನರಿಗೆ ಹೇಳಿದ್ದಾರೆ. ಸುಕ್ಕಾದ ಬೆರಳಿದ್ದಾಗ ಒದ್ದೆ ವಸ್ತುಗಳನ್ನು ಬೇಗ ಸಾಗಿಸಿದರು. ಒಣ ವಸ್ತುಗಳಿಗೆ ವ್ಯತ್ಯಾಸ ಇರಲಿಲ್ಲ. ಇಷ್ಟು ಓದಿ ಕುಣಿದಾಡುವಷ್ಟು ಖುಷಿಯಾಯಿತು. ರೆಫರೆನ್ಸ್ ಕೌಂಟರ್ ಮೇಡಂ ಹೇಳಿದ ಹಾಗೆ "ಸೈಟೆಡ್ ಬೈ" ಒತ್ತಿದೆ. 2014ರಲ್ಲಿ ಪ್ಲಾಸ್ ಒನ್ ಜರ್ನಲ್‌ನಲ್ಲಿ ಬೇರೆಯವರು ಅದೇ ತರದ ಪರೀಕ್ಷೆಯನ್ನು ಇನ್ನೂ ಜಾಸ್ತಿ ಜನರ ಮೇಲೆ ಮಾಡಿ, ಯಾವ ವ್ಯತ್ಯಾಸವೂ ಕಾಣಲಿಲ್ಲ ಅಂದಿದ್ದಾರೆ!

ಈಗ ಯಾರನ್ನು ನಂಬಲಿ? ಹೊಸದು ಅಂತ ಎರಡನೆಯದನ್ನು ನಂಬಬೇಕಾ?

ರೆಫರೆನ್ಸ್ ಕೌಂಟರ್

ನೀವು ಎಷ್ಟು ಚೆನ್ನಾಗಿ ಹೋಗಿದ್ದೀರಿ ಅಂದರೆ ಇದನ್ನು ಓದಿ ನನಗೇ ಹೆಮ್ಮೆ ಆಯಿತು. ಇಲ್ಲ, ಹೊಸದು ಅಂದ ಮಾತ್ರಕ್ಕೆ ನಂಬಬೇಕಿಲ್ಲ. ಈ ಎರಡೂ ಪೇಪರ್ ಅಳೆದದ್ದು ಎಷ್ಟು ಬೇಗ ಸಾಗಿಸಿದರು ಅನ್ನುವುದನ್ನು. ಬೇಗ ಸಾಗಿಸುವುದು ಮತ್ತು ಜಾರದಂತೆ ಹಿಡಿಯುವುದು ಎರಡೂ ಒಂದೇನಾ? ಆ ಪ್ರಶ್ನೆ ಇಟ್ಟುಕೊಂಡು ಮುಂದಕ್ಕೆ ಹುಡುಕಿ.

2021ರಲ್ಲಿ ನಿಕ್ ಡೇವಿಸ್ ಅವರದು ಪ್ಲಾಸ್ ಒನ್‌ನಲ್ಲೇ ಬಂದಿದೆ. ಲಂಡನ್ನಿನ ಸೈನ್ಸ್ ಮ್ಯೂಸಿಯಂ ನೋಡಲು ಬಂದ 500ಕ್ಕೂ ಹೆಚ್ಚು ಜನರ ಮೇಲೆ ಮಾಡಿದ್ದು. ಅವರು ಅಳೆದದ್ದು ವೇಗವನ್ನಲ್ಲ. ವಸ್ತುವನ್ನು ಹಿಡಿದುಕೊಳ್ಳಲು ಬೆರಳು ಎಷ್ಟು ಬಲ ಹಾಕಬೇಕು ಅನ್ನುವುದನ್ನು. ಒದ್ದೆಯಾದರೂ ಸುಕ್ಕಾಗದ ಬೆರಳಿಗಿಂತ ಸುಕ್ಕಾದ ಬೆರಳಿಗೆ ಕಡಿಮೆ ಬಲ ಸಾಕಾಯಿತು. ಹಾಗಾಗಿ 2014ರವರು ಸುಳ್ಳು ಹೇಳಿದರು ಅಂತಲ್ಲ. ಅವರು ಕೇಳಿದ ಪ್ರಶ್ನೆಯೇ ಬೇರೆ. ಮೂರನ್ನೂ ಪಕ್ಕಪಕ್ಕ ಇಟ್ಟು ಮೆಥಡ್ಸ್ ಭಾಗ ಮಾತ್ರ ಓದಿ ನೋಡಿ, ಚಿತ್ರ ಸ್ಪಷ್ಟವಾಗುತ್ತದೆ.

ಮೂರನೇ ಬೆಂಚು

ಮಧ್ಯೆ ಬಂದೆ, ಕ್ಷಮಿಸಿ. ನಮ್ಮ ಕಾಲೇಜಲ್ಲಿ ಜರ್ನಲ್ ಲಾಗಿನ್ ಇಲ್ಲ. ನಮ್ಮಂಥವರು ಏನು ಮಾಡುವುದು?

ರೆಫರೆನ್ಸ್ ಕೌಂಟರ್

ಪ್ಲಾಸ್ ಒನ್ ಪೂರ್ತಿ ಉಚಿತ, 2014 ಮತ್ತು 2021ರ ಪೇಪರ್‌ಗಳನ್ನು ಈಗಲೇ ತೆರೆಯಬಹುದು. ಉಳಿದವಕ್ಕೆ ನಿಮ್ಮ ಲೈಬ್ರರಿಯಲ್ಲಿ ಇಂಟರ್‌ಲೈಬ್ರರಿ ಲೋನ್ ಇದೆಯಾ ಅಂತ ಕೇಳಿ. ಬೇರೆ ಲೈಬ್ರರಿಯಿಂದ ಪುಸ್ತಕವನ್ನೋ ಪೇಪರಿನ ಪ್ರತಿಯನ್ನೋ ತರಿಸಿಕೊಡುವ ವ್ಯವಸ್ಥೆ ಅದು. 1936ರದ್ದು ಹಾಗೆ ತರಿಸಬೇಕಾಗಬಹುದು. ಪೇಪರ್ ಬರೆದವರಿಗೆ ನೇರವಾಗಿ ಇಮೇಲ್ ಮಾಡಿ ಒಂದು ಪ್ರತಿ ಕೇಳುವುದೂ ಸರಿಯೇ, ಅದರಲ್ಲಿ ಸಂಕೋಚ ಬೇಡ. ಕೇಳುವಾಗ ಪೇಪರಿನ ಹೆಸರು, ಜರ್ನಲ್, ವರ್ಷ ಮೂರನ್ನೂ ಬರೆಯಿರಿ. ನಮ್ಮಂಥವರ ಹತ್ತಿರ ಬಂದಾಗಲೂ ಆ ಮೂರು ಇದ್ದರೆ ಬೇಗ ಹುಡುಕಿಕೊಡುತ್ತೇವೆ.