ಸಹಾಯ ಬೇಕು: ಹವಾಮಾನ ಸಂಶೋಧನೆಯ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದವರು ಯಾರಾದ್ರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಪಿಎಚ್‌.ಡಿ ಎರಡನೇ ವರ್ಷ ನಂದು. ಮುಂಗಾರು ಹಿಂದೆಮುಂದೆ ಆದಾಗ ಕೋಲಾರದ ಕಡೆ ರೈತರು ರಾಗಿ ಬಿತ್ತನೆ ಹೇಗೆ ಬದಲಾಯಿಸ್ಕೋತಾರೆ ಅನ್ನೋದೇ ವಿಷಯ. ಫೆಲೋಶಿಪ್ ದುಡ್ಡಿನ ಮುಖ ನೋಡಿ ನಾಲ್ಕು ತಿಂಗಳಾಯ್ತು. ಮಾಲೂರಿಗೆ ಹೋಗೋ ಬಸ್ಸೇನೋ ಶಕ್ತಿ ಯೋಜನೇಲಿ ಫ್ರೀ, ಮಣ್ಣು ಪರೀಕ್ಷೆ ಫ್ರೀ ಅಲ್ವಲ್ಲ! ಹನ್ನೊಂದು ಮಣ್ಣಿನ ಚೀಲ ಹಾಸ್ಟೆಲ್ ಮಂಚದ ಕೆಳಗೇ ಕೂತಿವೆ, ರೂಮ್‌ಮೇಟ್ ದಿನಾ ಬೈತಾಳೆ.

ಐಪಿಸಿಸಿ, ಅಂದ್ರೆ ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯ ಸ್ಕಾಲರ್‌ಶಿಪ್ ನೋಡಿದೆ. 2007ರಲ್ಲಿ ಅವರಿಗೆ ಬಂದ ನೊಬೆಲ್ ಶಾಂತಿ ಪ್ರಶಸ್ತಿಯ ದುಡ್ಡಿಂದ ಶುರುವಾಗಿದ್ದು, ಅಭಿವೃದ್ಧಿಶೀಲ ದೇಶಗಳ ಪಿಎಚ್‌.ಡಿ ವಿದ್ಯಾರ್ಥಿಗಳಿಗೆ. ಆದ್ರೆ ಮೊದಲ ಆದ್ಯತೆ ಇಥಿಯೋಪಿಯಾ, ಮಲಾವಿಯಂಥ ತೀರಾ ಹಿಂದುಳಿದ ದೇಶಗಳವರಿಗೆ. ಅದು ಸರಿಯೇ ಬಿಡಿ, ಆದ್ರೆ ನನ್ನಂಥವಳು ಅರ್ಜಿ ಹಾಕೋದು ದಂಡವಾ? ಭಾರತದಿಂದ ಹಾಕಿದವರಿದ್ರೆ ದಯವಿಟ್ಟು ಹೇಳಿ. ಬಜೆಟ್‌ನಲ್ಲಿ ಫೀಲ್ಡ್ ಖರ್ಚು ಎಷ್ಟು ಬಿಡಿಸಿ ತೋರಿಸಿದ್ರಿ? ಅದೇ ನಂಗೆ ತಲೆಬುಡ ಅರ್ಥ ಆಗ್ತಿಲ್ಲ.

ಜರ್ಮನಿಯ ಹಂಬೋಲ್ಟ್ ಪ್ರತಿಷ್ಠಾನದ ಹವಾಮಾನ ಫೆಲೋಶಿಪ್ಪೂ ಇದೆ, ಅದಕ್ಕೆ ಅಲ್ಲಿನ ಹೋಸ್ಟ್ ಒಬ್ಬರು ಮೊದಲೇ ಒಪ್ಪಬೇಕು. ಗುರುತು ಪರಿಚಯ ಇಲ್ಲದ ಪ್ರೊಫೆಸರ್‌ಗೆ ಮೊದಲ ಮೇಲ್ ಹೇಗೆ ಬರೆದ್ರಿ? ಮೂರು ಜನಕ್ಕೆ ಕಳಿಸಿದೆ, ಒಬ್ಬರೂ ಉಸಿರೆತ್ತಿಲ್ಲ.

ಹಳೇ ಅರ್ಜಿ ಇದ್ರೆ, ಹೆಸರು ಅಳಿಸಿಯಾದ್ರೂ ಸರಿ, ಇನ್‌ಬಾಕ್ಸ್‌ಗೆ ಹಾಕಿ. ಜಿಕೆವಿಕೆ, ಹೆಬ್ಬಾಳ, ಯಲಹಂಕ ಕಡೆಯವರಾದ್ರೆ ಫಿಲ್ಟರ್ ಕಾಫಿ ಕೊಡಿಸಿ ಅಲ್ಲೇ ಕೂತು ಕೇಳ್ಕೋತೀನಿ.