ಬೆಳಗಿನ ಓಟದಲ್ಲಿ ಕಯೋಟಿ ಎದುರಾದರೆ: ಕ್ಯಾಲಿಫೋರ್ನಿಯಾ ಕನ್ನಡಿಗರ ಪ್ರಶ್ನೆಗಳು, ವನ್ಯಜೀವಿ ತಜ್ಞೆಯ ಉತ್ತರಗಳು

ಪ್ರಶ್ನೆ (ಫ್ರೀಮಾಂಟ್): ನಮಸ್ಕಾರ ಮೇಡಂ. ಮಿಷನ್ ಪೀಕ್ ತಪ್ಪಲಿನಲ್ಲಿ ಬೆಳಗ್ಗೆ ಓಡುವುದು ನನ್ನ ಅಭ್ಯಾಸ. ಮೊನ್ನೆ ಒಂದು ಕಯೋಟಿ (ತೋಳದ ಕುಲದ, ಅದಕ್ಕಿಂತ ಚಿಕ್ಕ ಕಾಡುಪ್ರಾಣಿ) ನನ್ನ ಹಿಂದೆಯೇ ಬಂತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು, ನಡೆದರೆ ಅದೂ ನಡೆಯುತ್ತಿತ್ತು. ಒಂದು ತಿರುವು ದಾಟಿದ ಮೇಲೆ ತಾನಾಗಿಯೇ ವಾಪಸ್ ಹೋಯಿತು. ನನ್ನನ್ನು ಬೇಟೆಯಾಡಲು ಬಂದಿತ್ತೇ? ಮುಂದಿನ ಸಲ ಜೋರಾಗಿ ಓಡಿಬಿಡಲೇ? ಆ ದಾರಿಯನ್ನೇ ಬಿಟ್ಟುಬಿಡಲೇ?

ಉತ್ತರ: ನಮಸ್ಕಾರ. ಮೊದಲು ಒಂದು ಮಾತು: ಓಡಬೇಡಿ. ಗಂಟೆಗೆ 60 ಕಿಲೋಮೀಟರ್ ವೇಗ ಮುಟ್ಟುವ ಪ್ರಾಣಿಯ ಜೊತೆ ಓಡಿ ಗೆಲ್ಲಲಾಗದು. ಅದಕ್ಕಿಂತ ಮುಖ್ಯವಾಗಿ, ಬೆನ್ನು ತೋರಿಸಿ ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗಬೇಕೆಂಬುದು ಅದರ ಹುಟ್ಟುಗುಣ. ಓಡುವ ಅಭ್ಯಾಸವಿರುವವರಿಗೆ ನಿಲ್ಲುವುದೇ ಕಷ್ಟ, ನನಗೆ ಗೊತ್ತು. ಆದರೂ ಕಯೋಟಿ ಕಂಡ ಕೂಡಲೇ ಓಟ ನಿಲ್ಲಿಸಿ ಅದರ ಕಡೆ ಮುಖ ಮಾಡಿ.

ನೀವು ಹೇಳಿದ್ದು ಕೇಳಿದರೆ ಅದು ಬೇಟೆಯಲ್ಲ, ಕಾವಲು ಅನ್ನಿಸುತ್ತದೆ. ಕಯೋಟಿಗಳು ಜನವರಿಯಿಂದ ಮಾರ್ಚ್ ನಡುವೆ ಜೊತೆಗೂಡುತ್ತವೆ. ಎರಡು ತಿಂಗಳ ಗರ್ಭದ ನಂತರ, ಹೆಚ್ಚಾಗಿ ಏಪ್ರಿಲ್ ಆಸುಪಾಸಿನಲ್ಲಿ, ಬಿಲದಲ್ಲಿ ಮರಿ ಹಾಕುತ್ತವೆ. ಅಲ್ಲಿಂದ ಆಗಸ್ಟ್‌ವರೆಗೆ ಗಂಡು ಹೆಣ್ಣು ಎರಡೂ ಮರಿಗಳನ್ನು ಕಾಯುತ್ತವೆ. ಬಿಲದ ಹತ್ತಿರ ಯಾರಾದರೂ ಸುಳಿದರೆ ಒಂದು ಕಯೋಟಿ ಅವರ ಹಿಂದೆಯೇ ನಡೆದು, ತನ್ನ ಗಡಿ ದಾಟಿಸಿ ವಾಪಸ್ ಹೋಗುತ್ತದೆ. ನಿಮ್ಮ ಆ ತಿರುವೇ ಅದರ ಗಡಿ ಇರಬೇಕು. ಇಂಥ ವೇಳೆ ಗದರಿಸಲು ಹೋಗಬೇಡಿ. ಮರಿ ಬಿಟ್ಟು ಅದು ಕದಲುವುದಿಲ್ಲ, ಜಗಳ ಮಾತ್ರ ಬೆಳೆಯುತ್ತದೆ. ಅದರ ಮೇಲೆ ಕಣ್ಣಿಟ್ಟುಕೊಂಡೇ ಹಿಮ್ಮುಖವಾಗಿ ನಿಧಾನಕ್ಕೆ ಹೆಜ್ಜೆ ಹಾಕುತ್ತಾ ಅಲ್ಲಿಂದ ಹೊರಡಿ. ದಾರಿಯನ್ನು ಶಾಶ್ವತವಾಗಿ ಬಿಡಬೇಕಿಲ್ಲ. ಬೇಸಿಗೆ ಮುಗಿಯುವವರೆಗೆ ಬೇರೆ ಟ್ರೇಲ್ ಹಿಡಿಯಿರಿ, ಪಾರ್ಕ್ ಸಿಬ್ಬಂದಿಗೂ ತಿಳಿಸಿ. ಬಿಲದ ಹತ್ತಿರದ ಟ್ರೇಲನ್ನು ಕೆಲವು ಕಡೆ ಅವರೇ ಸ್ವಲ್ಪ ಕಾಲ ಮುಚ್ಚುತ್ತಾರೆ.

ಪ್ರಶ್ನೆ (ಅವರೇ): ಮತ್ತೆ ಎಲ್ಲ ಬೋರ್ಡುಗಳಲ್ಲೂ ಕೈ ಬೀಸಿ, ಕೂಗಿ ಎಂದು ಬರೆದಿರುತ್ತಾರಲ್ಲ ಮೇಡಂ?

ಉತ್ತರ: ಅದು ಬೇರೆ ಸಂದರ್ಭಕ್ಕೆ. ಮನೆಗಳ ನಡುವಿನ ರಸ್ತೆಯಲ್ಲಿ, ಪಾರ್ಕಿನ ಹುಲ್ಲಿನ ಮೇಲೆ, ಕಸದ ಡಬ್ಬಿಗಳ ಹತ್ತಿರ ಕಯೋಟಿ ನಿಮ್ಮನ್ನು ಕಂಡೂ ಜಾಗ ಬಿಡದಿದ್ದರೆ, ಅಥವಾ ನಿಮ್ಮ ಕೈ ನೋಡುತ್ತಾ ಹತ್ತಿರ ಬಂದರೆ, ಅದಕ್ಕೆ ಮನುಷ್ಯರ ಭಯ ಹೋಗಿದೆ ಎಂದರ್ಥ. ಆ ಭಯವನ್ನು ವಾಪಸ್ ಹುಟ್ಟಿಸಬೇಕು. ಇಲ್ಲಿ ಇದಕ್ಕೆ ಹೇಜಿಂಗ್ ಅನ್ನುತ್ತಾರೆ. ನೆಟ್ಟಗೆ ನಿಂತು ಎರಡೂ ಕೈ ಮೇಲೆತ್ತಿ. ಜಾಕೆಟ್ ಇದ್ದರೆ ಬಿಚ್ಚಿ ಬೀಸಿ. ಹೊಟ್ಟೆಯಿಂದ ಧ್ವನಿ ತೆಗೆದು ಗದರಿ, ಕನ್ನಡದಲ್ಲೇ ಗದರಿ, ಸಾಕು. ಹೆದರಿ ಕಿರುಚಿದಂತಿರಬಾರದು, ಗದರಿಕೆ ಗದರಿಕೆಯ ಹಾಗೇ ಇರಬೇಕು. ಬಗ್ಗದೆ ಕೈಗೆ ಸಿಗುವ ಕಲ್ಲು ಕಡ್ಡಿ ಎಸೆಯುವುದಾದರೆ ಅದರ ಕಡೆಗೆ ಎಸೆಯಿರಿ, ಮೈಗೆ ಗುರಿ ಇಡಬೇಡಿ.

ಬಹಳ ಜನ ಇಲ್ಲೇ ತಪ್ಪುತ್ತಾರೆ: ನಾಲ್ಕು ಹೆಜ್ಜೆ ಹಿಂದೆ ಸರಿದು ಅದು ನಿಂತು ನೋಡಿದರೆ, ಸದ್ಯ ಹೋಯಿತಲ್ಲ ಎಂದು ಸುಮ್ಮನಾಗುತ್ತಾರೆ. ಆಗ ಅದು ಕಲಿಯುವ ಪಾಠ, ಸ್ವಲ್ಪ ಹೊತ್ತು ಸಹಿಸಿಕೊಂಡರೆ ಮನುಷ್ಯರು ಸುಮ್ಮನಾಗುತ್ತಾರೆ ಅಂತ. ಅದು ಕಣ್ಣಿಗೆ ಕಾಣದಷ್ಟು ದೂರ ಹೋಗುವ ತನಕ ಬಿಡಬೇಡಿ.

ಕಾಯಿಲೆಯ ಕಯೋಟಿಯ ಜೊತೆ ಮಾತ್ರ ಇದ್ಯಾವುದೂ ಬೇಡ. ತೂರಾಡುತ್ತಿದ್ದರೆ, ಗೊತ್ತುಗುರಿಯಿಲ್ಲದೆ ಅಲೆಯುತ್ತಿದ್ದರೆ ದೂರ ಸರಿದು ಸ್ಥಳೀಯ ಪ್ರಾಣಿ ನಿಯಂತ್ರಣ ಕಚೇರಿಯಾದ ಅನಿಮಲ್ ಸರ್ವಿಸಸ್‌ಗೆ ಫೋನ್ ಮಾಡಿ. ಮೈಯೆಲ್ಲ ಕೂದಲು ಉದುರಿದ್ದರೆ ಅದು ಮೇಂಜ್ ಎಂಬ ಕಜ್ಜಿ ರೋಗ. ಅದಕ್ಕೂ ಫೋನೇ ದಾರಿ.

ಪ್ರಶ್ನೆ (ಸನ್ನಿವೇಲ್): ಅಕ್ಕಾ, ನಮ್ಮ ಅತ್ತೆ ಮಾವ ಹಾಸನದಿಂದ ಬಂದಿದ್ದಾರೆ, ಸೆಪ್ಟೆಂಬರ್‌ವರೆಗೆ ಇರುತ್ತಾರೆ. ಬೆಳಗ್ಗೆ ಐದೂವರೆಗೇ ಎದ್ದು ಹಳ್ಳದ ಪಕ್ಕದ ಟ್ರೇಲ್‌ನಲ್ಲಿ ವಾಕಿಂಗ್ ಹೋಗುತ್ತಾರೆ. ಕಯೋಟಿ ಇದೆ, ಹುಷಾರು ಅಂದರೆ ಮಾವ, "ನಮ್ಮೂರಲ್ಲಿ ನೋಡದ ನರಿಯಾ? ಕಲ್ಲು ತಗೊಂಡರೆ ಓಡುತ್ತೆ" ಅನ್ನುತ್ತಾರೆ. ಅತ್ತೆ ರಾತ್ರಿ ಉಳಿದ ಅನ್ನ ತೆಗೆದುಕೊಂಡು ಹೋಗಿ ದಾರಿ ಬದಿಯಲ್ಲಿ ಹಕ್ಕಿಗೆ ಅಂತ ಹಾಕಿ ಬರುತ್ತಾರೆ. ಹೇಗೆ ಹೇಳಲಿ?

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಕಣಮ್ಮ. ನಮ್ಮ ಹಿರಿಯರು ಇಲ್ಲಿಗೆ ಬರುವುದು ಹೆಚ್ಚಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್ ನಡುವೆ, ಕಯೋಟಿಗಳು ಮರಿ ಸಾಕುವುದೂ ಅದೇ ತಿಂಗಳುಗಳಲ್ಲಿ. ಅವರು ವಾಕಿಂಗ್ ಹೊರಡುವ ನಸುಕಿನ ಹೊತ್ತೇ ಕಯೋಟಿ ಹೆಚ್ಚು ಓಡಾಡುವ ಹೊತ್ತು. ಕ್ರೀಕ್‌ಗಳ ಪಕ್ಕದ ದಾರಿ ಅವುಗಳಿಗೂ ರಸ್ತೆಯೇ. ಹಾಗಾಗಿ ಮೊದಲು ಹೊತ್ತು ಬದಲಿಸಿ. ಬೇಸಿಗೆಯಲ್ಲಿ ಏಳು ಗಂಟೆಗೆ ಹೊರಟರೂ ಇಲ್ಲಿ ಬಿಸಿಲು ತಾಗುವುದಿಲ್ಲ, ಜನಸಂಚಾರವೂ ಇರುತ್ತದೆ. ಇಬ್ಬರೂ ಮಾತಾಡಿಕೊಂಡು ಜೊತೆಯಲ್ಲೇ ನಡೆಯಲಿ. ಒಬ್ಬರು ಮುಂದೆ, ಒಬ್ಬರು ಐವತ್ತು ಮಾರು ಹಿಂದೆ ಬೇಡ.

ಮಾವನವರ ಮಾತಿನಲ್ಲಿ ಅರ್ಧ ಸತ್ಯವಿದೆ. ಕಯೋಟಿ ತೋಳದಷ್ಟು ದೊಡ್ಡ ಪ್ರಾಣಿಯಲ್ಲ. ಇಲ್ಲಿಯ ವಯಸ್ಕ ಕಯೋಟಿ ಸಾಮಾನ್ಯವಾಗಿ 9ರಿಂದ 16 ಕಿಲೋ ತೂಗುತ್ತದೆ, ತುಪ್ಪಳದಿಂದಾಗಿ ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ಆದರೆ ಕಲ್ಲಿನ ಉಪಾಯ ಊರಿನ ಬೀದಿನಾಯಿಗೆ ಸರಿ. ಅದು ಪೆಟ್ಟು ತಿಂದು ಕಲಿತಿರುತ್ತದೆ, ನಾವು ಬಗ್ಗಿದರೆ ಸಾಕು, ಓಡುತ್ತದೆ. ಇಲ್ಲಿಯ ಕಯೋಟಿಗೆ ಹಾಗೆ ಕಲ್ಲು ಹೊಡೆದವರು ಕಡಿಮೆ. ಅದರ ಎದುರು ಬಗ್ಗಿದರೆ ನಮ್ಮ ಎತ್ತರವೇ ಅರ್ಧವಾಗುತ್ತದೆ, ಕಣ್ಣೂ ಅದರಿಂದ ತಪ್ಪುತ್ತದೆ. ಬಗ್ಗಬಾರದು, ಕೂರಬಾರದು. ಊರುಗೋಲು ಹಿಡಿಯುವವರಾದರೆ ಅದೇ ಒಳ್ಳೆಯ ಆಯುಧ: ಒಂದು ಕಡೆ ಬೇಲಿಗೋ ಮರಕ್ಕೋ ಒರಗಿ ನಿಂತು ಕೋಲು ಮೇಲೆತ್ತಿ ಗದರಲಿ. ಕೋಲಿಲ್ಲದೆ ಒಂದು ಹೆಜ್ಜೆಯೂ ಆಗದವರು ಕೋಲನ್ನು ಊರಿಕೊಂಡೇ ಇರಲಿ, ಕೊರಳಿಗೊಂದು ಸೀಟಿ ಹಾಕಿ ಕಳಿಸಿ. ಬೀಳುವುದೇ ಹೆಚ್ಚಿನ ಅಪಾಯ. ಮೊಮ್ಮಕ್ಕಳು ಜೊತೆಗಿದ್ದರೆ, ಕಯೋಟಿಯ ಮೇಲಿನ ದೃಷ್ಟಿ ಕದಲಿಸದೆ ಮಗುವನ್ನು ಎತ್ತಿಕೊಳ್ಳಬೇಕು.

ಇನ್ನು ಅನ್ನ. ಅತ್ತೆಯವರ ಮನಸ್ಸು ನೋಯದಂತೆ, ಆದರೆ ಖಂಡಿತವಾಗಿ ಹೇಳಿ: ದಾರಿ ಬದಿಯಲ್ಲಿ ಒಂದು ಅಗುಳೂ ಬೇಡ. ಹಕ್ಕಿಗೆ ಹಾಕಿದ್ದು ಇಲಿ, ಅಳಿಲುಗಳನ್ನು ಕರೆಯುತ್ತದೆ. ಅವುಗಳ ಹಿಂದೆ ಕಯೋಟಿ ಬರುತ್ತದೆ, ಕೊನೆಗೆ ಅನ್ನಕ್ಕೂ ಬಾಯಿ ಹಾಕುತ್ತದೆ. ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮನುಷ್ಯರಿಂದ ಆಹಾರ ಸಿಗುತ್ತದೆ ಎಂದು ಗೊತ್ತಾದ ಕಯೋಟಿ, ಮರುದಿನ ಬರಿಗೈಯಲ್ಲಿ ಬಂದವರ ಹತ್ತಿರವೂ ಬರುತ್ತದೆ. ಕಚ್ಚಿದ ಪ್ರಕರಣಗಳನ್ನು ಕೆದಕಿದರೆ ಮತ್ತೆ ಮತ್ತೆ ಸಿಗುವುದು ಇದೇ: ಹತ್ತಿರದಲ್ಲಿ ಯಾರೋ ಊಟ ಹಾಕುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಕಾಡುಪ್ರಾಣಿಗೆ ತಿನ್ನಿಸುವುದು ಕಾನೂನಿಗೆ ವಿರುದ್ಧವೂ ಹೌದು. ಪಿತೃಪಕ್ಷದಲ್ಲಿ ಕಾಗೆಗೆ ಇಡಲೇಬೇಕು ಅಂದರೆ ನಿಮ್ಮ ಹಿತ್ತಲಲ್ಲೇ, ಹಗಲಿನಲ್ಲೇ ಒಂದು ತುತ್ತು ಇಟ್ಟು, ಕಾದಿದ್ದು ಉಳಿದದ್ದನ್ನು ಎತ್ತಿಬಿಡಲಿ. ಹಿತ್ತಲಲ್ಲಿ ಅಂಜೂರ, ಪ್ಲಮ್ ಮರಗಳಿದ್ದರೆ ಬಿದ್ದ ಹಣ್ಣನ್ನೂ ಆಯ್ದುಬಿಡಿ, ಕಯೋಟಿಗೆ ಹಣ್ಣೆಂದರೆ ಬಲು ಇಷ್ಟ.

ಪ್ರಶ್ನೆ (ಸನ್ನಿವೇಲ್, ಅವರೇ): ಮಾವನಿಗೆ ನಿಮ್ಮ ಉತ್ತರ ಓದಿ ಹೇಳಿದೆ ಅಕ್ಕಾ. ಬಗ್ಗಬಾರದು ಅನ್ನುವುದನ್ನು ಒಪ್ಪಿದರು. ಏಳು ಗಂಟೆಗೆ ಇನ್ನೂ ಒಪ್ಪಿಲ್ಲ.

ಉತ್ತರ: ಆರೂವರೆಗೆ ಒಪ್ಪಿಸಿ. ಬೆಳಕು ಹರಿದಿರಬೇಕು, ಅದು ಮುಖ್ಯ.

ಪ್ರಶ್ನೆ (ಅರ್ವೈನ್): ನಾನು ಪಾರ್ಕಿನ ಹುಲ್ಲಿನ ಮೇಲೆ ಸೂರ್ಯನಮಸ್ಕಾರ, ಪುಷ್‌ಅಪ್, ಕೊನೆಗೆ ಶವಾಸನ ಮಾಡುತ್ತೇನೆ. ಪುಷ್‌ಅಪ್ ಮಾಡುತ್ತಿದ್ದವರನ್ನೇ ಕಯೋಟಿ ಕಚ್ಚಿತ್ತು ಎಂದು ಸ್ನೇಹಿತರೊಬ್ಬರು ಹೇಳಿದರು. ನಿಜವೇ?

ಉತ್ತರ: ನಿಜ. ಬೇ ಏರಿಯಾದ ಮೊರಾಗಾ, ಲಫಾಯೆಟ್ ಊರುಗಳಲ್ಲಿ ನಡೆದದ್ದು. 2020ರ ಜುಲೈನಿಂದ ಕೆಲವು ತಿಂಗಳಲ್ಲಿ ಐದು ಜನರಿಗೆ ಕಯೋಟಿ ಕಚ್ಚಿತು. ಅವರಲ್ಲೊಂದು ಎರಡು ವರ್ಷದ ಮಗು, ಇನ್ನೊಬ್ಬರು ಶಾಲೆಯ ಮೈದಾನದಲ್ಲಿ ವ್ಯಾಯಾಮ ಮಾಡುತ್ತಿದ್ದವರು. ಗಾಯದಿಂದ ತೆಗೆದ ಡಿಎನ್‌ಎ ನೋಡಿದಾಗ ಎಲ್ಲವೂ ಒಂದೇ ಕಯೋಟಿಯ ಕೆಲಸ ಎಂದು ಗೊತ್ತಾಯಿತು. 2021ರ ಮಾರ್ಚ್‌ನಲ್ಲಿ ಅದನ್ನು ಹಿಡಿದು ಕೊಲ್ಲಲಾಯಿತು. ಆ ಸುತ್ತಿನಲ್ಲಿ ಬೇರೆ ಕಯೋಟಿಗಳೂ ಇದ್ದವು, ಅವು ಯಾರ ತಂಟೆಗೂ ಹೋಗಿರಲಿಲ್ಲ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಂತ ಮನುಷ್ಯನನ್ನು ಕಂಡರೆ ಕಯೋಟಿಗೆ ಅಳುಕಿರುತ್ತದೆ. ನೆಲದ ಮಟ್ಟದಲ್ಲಿ ಮಲಗಿ ಏಳುತ್ತಿರುವ ಆಕಾರ ಏನೆಂದು ಅದಕ್ಕೆ ತಿಳಿಯುವುದಿಲ್ಲ, ಮೂಸಿ ನೋಡಲು ಬರುತ್ತದೆ. ಕಣ್ಣು ಮುಚ್ಚಿ ಶವಾಸನದಲ್ಲಿರುವವರಿಗೆ ಅದು ಗೊತ್ತೇ ಆಗುವುದಿಲ್ಲ. ಒಬ್ಬರೇ ಇದ್ದರೆ ಪೊದೆಗಳಿಂದ ದೂರ, ಗೋಡೆಯನ್ನೋ ಬೆಂಚನ್ನೋ ಬೆನ್ನಿಗಿಟ್ಟುಕೊಂಡು ಚಾಪೆ ಹಾಸಿ. ಶವಾಸನವನ್ನು ಮನೆಗೆ ಬಂದು ಮಾಡಿ, ಅಥವಾ ಗುಂಪಿನಲ್ಲಿ ಒಬ್ಬರು ಎಚ್ಚರವಾಗಿರಲಿ. ತಿಂಡಿ, ಪ್ರೋಟೀನ್ ಬಾರ್ ಚಾಪೆಯ ಪಕ್ಕ ಬಿಚ್ಚಿಡಬೇಡಿ.

ಹೆದರಿಕೆಗೆ ಒಂದು ಅಳತೆ ಇರಲಿ ಎಂದು ಹೇಳುತ್ತೇನೆ: ಅಮೆರಿಕ, ಕೆನಡಾ ಎರಡೂ ಸೇರಿ 1960ರಿಂದ 2006ರವರೆಗಿನ ವರದಿಗಳನ್ನು ಕಲೆಹಾಕಿದ ಅಧ್ಯಯನವೊಂದಕ್ಕೆ ಸಿಕ್ಕ ದಾಳಿಗಳು 142. ಸುಮಾರು ಅರ್ಧ ನಮ್ಮ ಕ್ಯಾಲಿಫೋರ್ನಿಯಾದಲ್ಲೇ. ಎರಡೂ ದೇಶಗಳಲ್ಲಿ ಈವರೆಗಿನ ಸಾವಿನ ದಾಖಲೆ ಎರಡು: 1981ರಲ್ಲಿ ಗ್ಲೆಂಡೇಲ್‌ನಲ್ಲಿ ಮೂರು ವರ್ಷದ ಹೆಣ್ಣುಮಗು, 2009ರಲ್ಲಿ ಕೆನಡಾದ ಕೇಪ್ ಬ್ರೆಟನ್ ಹೈಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಒಬ್ಬರೇ ನಡೆಯುತ್ತಿದ್ದ 19 ವರ್ಷದ ಗಾಯಕಿ ಟೇಲರ್ ಮಿಚೆಲ್. ಎರಡೂ ಮನಸ್ಸು ಕಲಕುವ ಸಾವುಗಳು. ಇಷ್ಟು ಕೋಟಿ ಜನರ ನಡುವೆ ಕಯೋಟಿ ದಿನಾ ಓಡಾಡಿಕೊಂಡಿದೆ ಎನ್ನುವುದೂ ನಿಜ.

ಪ್ರಶ್ನೆ (ಡಬ್ಲಿನ್): ನಮ್ಮ ಮನೆ ಹಿಂದಿನ ಗುಡ್ಡದಲ್ಲಿ ಸಂಜೆ ಹತ್ತು ಹನ್ನೆರಡು ಕಯೋಟಿ ಒಟ್ಟಿಗೆ ಊಳಿಡುತ್ತವೆ. ಸಣ್ಣ ಪೊಮೇರಿಯನ್ ಇದೆ. ಸಂಜೆ ವಾಕಿಂಗ್ ನಿಲ್ಲಿಸಬೇಕೇ?

ಉತ್ತರ: ಅಲ್ಲಿ ಹತ್ತು ಕಯೋಟಿ ಇರಲಾರವು. ಎರಡೇ ಕಯೋಟಿ ಧ್ವನಿ ಏರಿಳಿಸಿ ಕೂಗಿದರೆ ದೊಡ್ಡ ಹಿಂಡಿನ ಹಾಗೆ ಕೇಳಿಸುತ್ತದೆ. ಊಳಿಡುವುದು ದಾಳಿಯ ಸೂಚನೆಯೂ ಅಲ್ಲ. ಆದರೆ ನಾಯಿಯ ವಿಷಯದಲ್ಲಿ ಸಡಿಲ ಬೇಡ. ಪೊಮೇರಿಯನ್‌ನಷ್ಟು ಸಣ್ಣ ನಾಯಿ ಅದಕ್ಕೆ ಆಹಾರ, ದೊಡ್ಡ ನಾಯಿ ಮರಿಗಳ ಕಾಲದಲ್ಲಿ ಶತ್ರು. 6 ಅಡಿಯ ಗಟ್ಟಿ ಹಗ್ಗ ಇರಲಿ, ಎಳೆದಷ್ಟೂ ಉದ್ದವಾಗುವ ಲೀಶ್ ಬೇಡ. ಕತ್ತಲಾಗುವ ಮುಂಚೆ ಮುಗಿಸಿ. ಕಯೋಟಿ ಕಂಡರೆ ನಾಯಿಯನ್ನು ಎತ್ತಿಕೊಂಡು ಹಿಂದೆ ಸರಿಯಿರಿ. ಹಿತ್ತಲಿಗೂ ರಾತ್ರಿ ಒಂಟಿಯಾಗಿ ಬಿಡಬೇಡಿ, ಆರಡಿ ಬೇಲಿ ಹತ್ತಿ ಬರುವುದು ಅದಕ್ಕೆ ಕಷ್ಟವಲ್ಲ.

ಪ್ರಶ್ನೆ (ಸ್ಯಾನ್ ಹೋಸೆ): ಇಷ್ಟೆಲ್ಲ ಯಾಕೆ ಮೇಡಂ, ಹಿಡಿದು ದೂರದ ಕಾಡಿಗೆ ಬಿಡಬಾರದೇ?

ಉತ್ತರ: ಹಿಡಿದು ಬೇರೆಡೆ ಬಿಡಲು ಈ ರಾಜ್ಯದಲ್ಲಿ ಅನುಮತಿ ಇಲ್ಲ. ಬಿಟ್ಟರೂ ಅಲ್ಲಿ ಈಗಾಗಲೇ ಇರುವ ಕಯೋಟಿಗಳು ಅದನ್ನು ಸೇರಿಸಿಕೊಳ್ಳುವುದಿಲ್ಲ, ಇಲ್ಲಿ ಖಾಲಿಯಾದ ಜಾಗಕ್ಕೆ ಬೇರೊಂದು ಬರುತ್ತದೆ. ಈ ದೇಶ ನೂರು ವರ್ಷ ವಿಷ ಇಟ್ಟು, ಗುಂಡು ಹೊಡೆದು ನೋಡಿತು. ಅಷ್ಟರಲ್ಲಿ ಕಯೋಟಿ ಅಲಾಸ್ಕಾದಿಂದ ಪನಾಮದವರೆಗೂ ಹರಡಿತು. ಮನುಷ್ಯರನ್ನು ಕಚ್ಚಿದ ಕಯೋಟಿಯನ್ನು ಅಧಿಕಾರಿಗಳು ಹುಡುಕಿ ಕೊಲ್ಲುತ್ತಾರೆ. ಅದಕ್ಕೇ ನನಗೆ ಅನ್ನ ಹಾಕುವವರ ಮೇಲೆ ಇಷ್ಟು ಬೇಸರ: ಊಟ ಹಾಕಿದವರಿಗೆ ಏನೂ ಆಗುವುದಿಲ್ಲ, ಪೆಟ್ಟು ಬೀಳುವುದು ಯಾವುದೋ ಮಗುವಿಗೆ, ಆಮೇಲೆ ಆ ಪ್ರಾಣಿಗೆ.

ಪ್ರಶ್ನೆ (ಫ್ರೀಮಾಂಟ್, ಮೊದಲಿನವರು): ಕೊನೆಯದಾಗಿ ಮೇಡಂ, ಇಯರ್‌ಫೋನ್ ಹಾಕಬಹುದೇ? ಅಕಸ್ಮಾತ್ ಕಚ್ಚಿದರೆ?

ಉತ್ತರ: ಟ್ರೇಲ್‌ನಲ್ಲಿ ಬೇಡ. ಹಾಕಲೇಬೇಕಾದರೆ ಒಂದೇ ಕಿವಿಗೆ.

ಮೇಲೆ ಬಿದ್ದರೆ ಬಿಡದೆ ಹೋರಾಡಿ, ಕೆಳಗೆ ಬೀಳದಂತೆ ನೋಡಿಕೊಳ್ಳಿ. ಸೈಕಲ್ ಇದ್ದರೆ ಇಳಿದು ನಡುವೆ ಅಡ್ಡ ಹಿಡಿಯಿರಿ. ಕಚ್ಚಿದರೆ ಎಷ್ಟೇ ಚಿಕ್ಕ ಗಾಯವಾದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಕಯೋಟಿಗೂ ರೇಬೀಸ್ ಬರುತ್ತದೆ, ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ ಅಂತಲೇ ತಿಳಿಯಿರಿ. ಲಸಿಕೆ ಬೇಕೆಂದು ವೈದ್ಯರು ಹೇಳಿದರೆ ಇಲ್ಲಿಯ ಕ್ರಮ ಹೀಗೆ: ಮೊದಲ ದಿನ (ಅದನ್ನು 0ನೇ ದಿನ ಎಂದು ಎಣಿಸುತ್ತಾರೆ) ಇಮ್ಯುನೊಗ್ಲೋಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಇಂಜೆಕ್ಷನ್ ಮತ್ತು ಲಸಿಕೆ, ಆಮೇಲೆ 3, 7, 14ನೇ ದಿನಗಳಲ್ಲಿ ಲಸಿಕೆ. ಊರಿನಲ್ಲಿ ಹಿಂದೆ ನಾಯಿ ಕಚ್ಚಿ ಪೂರ್ತಿ ರೇಬೀಸ್ ಲಸಿಕೆ ಹಾಕಿಸಿಕೊಂಡವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ, ಅಂಥವರಿಗೆ ಇಮ್ಯುನೊಗ್ಲೋಬ್ಯುಲಿನ್ ಬೇಕಾಗುವುದಿಲ್ಲ, ಎರಡು ಡೋಸ್ ಸಾಕು. ಊರಿನ ಚೀಟಿಯ ಫೋಟೋ ಫೋನಿನಲ್ಲಿರಲಿ. ಈ ಇಂಜೆಕ್ಷನ್‌ಗಳಿಗೆ ಇಲ್ಲಿ ಸಾವಿರಾರು ಡಾಲರ್ ಬಿಲ್ ಬರಬಹುದು. ಅಪ್ಪ ಅಮ್ಮನ ವಿಸಿಟರ್ ಇನ್ಶುರೆನ್ಸ್ ಇದಕ್ಕೆ ಕೊಡುತ್ತದೆಯೇ ಎಂದು ಅವರು ವಿಮಾನ ಹತ್ತುವ ಮೊದಲೇ ಕೇಳಿಟ್ಟುಕೊಳ್ಳಿ. ದುಡ್ಡಿನ ಚಿಂತೆಯಲ್ಲಿ ಒಂದು ದಿನವೂ ತಡ ಮಾಡಬೇಡಿ.

ದಾಳಿ ನಡೆಯುತ್ತಿದ್ದರೆ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ. ಕಚ್ಚಿದ್ದನ್ನು ಕೌಂಟಿ ಆರೋಗ್ಯ ಇಲಾಖೆಗೂ ಅನಿಮಲ್ ಸರ್ವಿಸಸ್‌ಗೂ ತಿಳಿಸಬೇಕು. ಕಚ್ಚದೆ ಬರೀ ಹತ್ತಿರ ಬಂದಿದ್ದರೆ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ಜಾಲತಾಣದಲ್ಲಿ ದೂರು ದಾಖಲಿಸುವ ಪುಟವಿದೆ. ನಿಮ್ಮ ಮೊನ್ನೆಯ ಘಟನೆಯನ್ನೂ ಅಲ್ಲಿ ಹಾಕಿ: ಜಾಗ, ಹೊತ್ತು, ಅದು ಎಷ್ಟು ದೂರ ಹಿಂಬಾಲಿಸಿತು, ಎಲ್ಲಿಂದ ವಾಪಸ್ ಹೋಯಿತು, ಇಷ್ಟು ಬರೆದರೆ ಸಾಕು.